ಅಡಿಕೆ ಧಾರಣೆಯೂ ನಿಷ್ಪಕ್ಷಪಾತ ಸುದ್ದಿಯೂ

ನಿಷ್ಪಕ್ಷಪಾತ ಸುದ್ದಿ ಎಂದರೆ ಓದಿದವನಿಗೂ ಅವನ ಎದುರು ಕೂತವನಿಗೂ ಸರಿಸಮನಾಗಿ ಬೇಸರ ತರಿಸುವ ಸುದ್ದಿ. ಶಿವಮೊಗ್ಗದ ಆಲ್ಕೊಳದಲ್ಲಿ ಇದನ್ನು ಕೇಳುವವರು ಬಹಳ, ಕೊಳ್ಳುವವರು ಕಡಿಮೆ. ಸಾಗರ ರಸ್ತೆಯ ವೃತ್ತದ ಆಸುಪಾಸಿನಲ್ಲಿ ಬೆಳಗಿನ ಕಾಫಿಗೆ ಸೇರುವವರಲ್ಲಿ ‘ಈಗಿನ ಪತ್ರಿಕೆಗಳೆಲ್ಲ ಒಂದು ಕಡೆ ವಾಲಿವೆ’ ಎಂಬ ಬಗ್ಗೆ ಪೂರ್ಣ ಒಮ್ಮತವಿದೆ. ಯಾವ ಕಡೆಗೆ ಎಂಬಲ್ಲಿ ಮಾತ್ರ ಒಡಕು. ಒಂದೇ ಬೆಂಚಿನ ಮೇಲೆ, ಒಂದೇ ಪತ್ರಿಕೆಯ ಎರಡು ಹಾಳೆ ಹಂಚಿಕೊಂಡು, ಒಬ್ಬರು ಅದನ್ನು ಸರ್ಕಾರದ ತುತ್ತೂರಿ ಎಂದೂ ಇನ್ನೊಬ್ಬರು ಸರ್ಕಾರ ಉರುಳಿಸುವ ಸಂಚು ಎಂದೂ ಓದಿ ಮುಗಿಸುತ್ತಾರೆ. ಕ್ರೀಡಾಪುಟ ಹಿಡಿದ ಮೂರನೆಯವರು ಜಗಳಕ್ಕೆ ಬರುವುದಿಲ್ಲ.

ಈ ದೋಷ ಇಂದಿನದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿದ್ದು 1843ರ ಜುಲೈ 1ರಂದು. ಸಂಪಾದಕ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಕಲ್ಲಚ್ಚಿನಲ್ಲಿ ಮುದ್ರಿಸಿ ಊರ ಸುದ್ದಿ, ಪರದೇಶದ ಸುದ್ದಿ ಹಂಚುತ್ತಿದ್ದರು. ಅವರಿಗೆ ಅವರದೇ ಧರ್ಮಕಾರ್ಯವೂ ಇತ್ತು. ಪಾದ್ರಿಯೇ ಸಂಪಾದಕರಾದ ಮೇಲೆ ಅದು ಗುಟ್ಟಾಗಿ ಉಳಿಯುವ ಮಾತೂ ಅಲ್ಲ. ಓದುಗನಿಗೆ ಇದರಿಂದ ದೊಡ್ಡ ಅನುಕೂಲ: ಸುದ್ದಿಯಲ್ಲಿ ಎಷ್ಟನ್ನು ಕಳೆದು ಓದಬೇಕೆಂಬುದು ಮೊದಲೇ ಗೊತ್ತಿರುತ್ತದೆ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದ ಪಿ. ಲಂಕೇಶ್ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಜಾಹೀರಾತೇ ಇಲ್ಲದ ಆ ವಾರಪತ್ರಿಕೆ ತನ್ನ ಸಿಟ್ಟನ್ನು ಒಂದು ವಾರವೂ ಬಚ್ಚಿಟ್ಟುಕೊಳ್ಳಲಿಲ್ಲ. ಭದ್ರಾವತಿ ಆಕಾಶವಾಣಿ 1965ರಿಂದ ಮಲೆನಾಡಿನ ಮನೆಗಳಲ್ಲಿ ಮಾತಾಡುತ್ತಿದೆ. ಆಕಾಶವಾಣಿ ಸರ್ಕಾರದ ಸ್ವರ ಎಂಬುದು ಕೇಳುಗರಿಗೆಲ್ಲ ತಿಳಿದದ್ದೇ. ಆದರೂ ವಾರ್ತೆ ಓದುವವರು ಏದುಸಿರು ಬಿಡದೆ ಓದುತ್ತಾರೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಮನೆಯಲ್ಲಿ ಅದಕ್ಕೆ ಮರ್ಯಾದೆ. ಬಣ್ಣ ಹೇಳಿಕೊಂಡು ಬರುವ ಪಕ್ಷಪಾತ ಅಪಾಯಕಾರಿಯಲ್ಲ. ಬಣ್ಣವೇ ಇಲ್ಲವೆಂದು ಆಣೆ ಹಾಕುವುದು ಅಪಾಯಕಾರಿ.

ಕಾಗದದ ಮಟ್ಟದಲ್ಲಿ ಮಾತ್ರ ಈ ಜಿಲ್ಲೆ ಸಂಪೂರ್ಣ ನಿಷ್ಪಕ್ಷಪಾತವಾಗಿತ್ತು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಮುಂದೆ ಪತ್ರಿಕಾ ಕಾಗದವನ್ನೂ ತಯಾರಿಸಿತು. ಆಡಳಿತ ಪಕ್ಷವನ್ನು ಹೊಗಳುವವರಿಗೂ ಬೈಯುವವರಿಗೂ ಹೋದದ್ದು ಅದೇ ಬಿಳಿ ಸುರುಳಿ. 2015ರಲ್ಲಿ ಉತ್ಪಾದನೆ ನಿಂತಿತು.

ಇಂದಿಗೂ ಉಳಿದಿರುವ ಪಕ್ಕಾ ಸಮತೋಲನದ ಅಂಕಣಗಳು ಎರಡೇ. ಮೊದಲನೆಯದು ಅಡಿಕೆ ಧಾರಣೆ. ಶಿವಮೊಗ್ಗ ಮಾರುಕಟ್ಟೆಯ ಸರಕು, ಬೆಟ್ಟೆ, ರಾಶಿ, ಗೊರಬಲು. ಪ್ರತಿಯೊಂದರ ಮುಂದೆ ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ವಿಶೇಷಣವಿಲ್ಲ, ಆಶ್ಚರ್ಯಸೂಚಕ ಚಿಹ್ನೆಯಿಲ್ಲ. ರಾಶಿಗೆ ದರ ಬಿದ್ದರೆ ‘ರಾಶಿಗೆ ಮುಖಭಂಗ’ ಎಂದು ಆ ಅಂಕಣದಲ್ಲಿ ಯಾರೂ ಬರೆಯುವುದಿಲ್ಲ. ಎರಡನೆಯದು ಮಳೆಗಾಲದ ಜಲಾಶಯ ಮಟ್ಟ: ಲಿಂಗನಮಕ್ಕಿಯ ಗರಿಷ್ಠ 1819 ಅಡಿ, ಭದ್ರಾದ್ದು 186 ಅಡಿ, ಗಾಜನೂರಿನ ತುಂಗಾದ್ದು 588.24 ಮೀಟರ್. ಒಂದು ಸಮುದ್ರಮಟ್ಟದ ಲೆಕ್ಕ, ಒಂದು ಅಲ್ಲೇ ತಳದಿಂದ, ಇನ್ನೊಂದಕ್ಕೆ ಅಳತೆಗೋಲೇ ಬೇರೆ. ಆದರೂ ಓದುಗರು ಜಗಳವಾಡದೆ ನಂಬುತ್ತಾರೆ. ತಪ್ಪು ಬರೆದರೆ ಯಾರಾದರೂ ಬೈಕ್ ಹತ್ತಿ ಗಾಜನೂರಿಗೇ ಹೋಗಿ ನೋಡಿಬರಬಹುದು ಎಂಬ ಭಯ ಪತ್ರಿಕೆಗೂ ಇದೆ. ಹೋಗಿ ನೋಡಿಬರಬಹುದಾದ ಸುದ್ದಿಯಲ್ಲಿ ಸುಳ್ಳು ಕಡಿಮೆ.

ಅದೇ ಅಡಿಕೆ ಧಾರಣೆ ಪುಟದಿಂದ ಮುಖಪುಟಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರವು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಿತು. ಮಲೆನಾಡಿನ ಬೆಳೆಗಾರರಿಗೆ ಅದು ಒಂದು ಬಾಯಲ್ಲಿ ಸರ್ವನಾಶವಾಗಿಯೂ ಇನ್ನೊಂದು ಬಾಯಲ್ಲಿ ಲೆಕ್ಕಕ್ಕೇ ಬಾರದ ಪ್ರಮಾಣವಾಗಿಯೂ ತಲುಪಿತು. ಆದೇಶದಲ್ಲಿ ಇದ್ದದ್ದು ಹಸಿ ಅಡಿಕೆ ಎಂಬ ಮಾತು, ಒಂದು ಅಂಕಿ, ಪಶ್ಚಿಮ ಬಂಗಾಳದ ಜೈಗಾಂವ್ ಎಂಬ ಗಡಿಠಾಣೆಯ ಹೆಸರು. ಇಷ್ಟನ್ನು ಓದಿಕೊಂಡವರು ಚರ್ಚೆಯಲ್ಲಿ ಸೋತರು. ಅವರ ಬಳಿ ಕೂಗುವಂಥದ್ದೇನೂ ಇರಲಿಲ್ಲ.

ಮೂಲ ಆದೇಶ ಸಿಗದ ದಿನ ಕ್ರಿಯಾಪದ ನೋಡಬೇಕು. ಪತ್ರಿಕೆಗೆ ಬೇಕಾದ ನಾಯಕರು ‘ಸ್ಪಷ್ಟಪಡಿಸುತ್ತಾರೆ’, ಬೇಡವಾದವರು ‘ಹರಿಹಾಯುತ್ತಾರೆ’. ಒಬ್ಬರದು ‘ತಿರುಗೇಟು’, ಇನ್ನೊಬ್ಬರದು ‘ನಾಲಿಗೆ ಹರಿಬಿಟ್ಟದ್ದು’. ಬರೀ ‘ಹೇಳಿದರು’ ಎಂದಿರುವ ವರದಿಯನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ತಲೆಬರಹಕ್ಕೆ ‘ಗೊತ್ತಿಲ್ಲ’ ಎಂದು ಉತ್ತರಿಸಿ ಮುಂದೆ ಸಾಗಿದರೆ ನಷ್ಟವಿಲ್ಲ. ಇಡೀ ಪುಟದ ಸುದ್ದಿಯಲ್ಲಿ ಒಬ್ಬರೇ ಅಭ್ಯರ್ಥಿ ನಗುತ್ತಿದ್ದರೆ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ‘ಜಾಹೀರಾತು’ ಎಂದಿದೆಯೇ ಎಂದು ಕನ್ನಡಕ ಹಾಕಿ ಹುಡುಕಬೇಕು. ಇಲ್ಲದಿದ್ದರೆ ಇನ್ನೂ ಕಷ್ಟ: ಕಾಸಿಗಾಗಿ ಸುದ್ದಿಯ ಬಗ್ಗೆ ಪತ್ರಿಕಾ ಮಂಡಳಿ 2010ರಲ್ಲಿ ವರದಿಯನ್ನೇ ಕೊಡಬೇಕಾಯಿತು.

ಟಿವಿ ಚರ್ಚೆಯ ಸಮತೋಲನದ ಅರ್ಥ ಬೇರೆ. ಅಲ್ಲಿ ಎರಡೂ ಕಡೆಯವರಿಗೆ ಒಂದೇ ಹೊತ್ತಿಗೆ ಕೂಗಲು ಸಮಾನ ಅವಕಾಶ. ಇನ್ನು ವಾಟ್ಸ್‌ಆ್ಯಪ್. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ಬಂತು. ಹುಮ್ಮಸ್ಸಿದ್ದವರು ಐದೈದರಂತೆ ದಾಟಿಸುತ್ತಾರೆ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಎಚ್ಚರಿಕೆಯನ್ನು ಇಲ್ಲಿ ಹಲವರು ಪ್ರಮಾಣಪತ್ರವೆಂದೇ ಓದುತ್ತಾರೆ: ಇಷ್ಟು ಜನ ಕಳಿಸಿದ್ದಾರೆಂದರೆ ನಿಜವೇ ಇರಬೇಕು.

ಎರಡು ಪತ್ರಿಕೆ ತರಿಸಿ ಹೋಲಿಸುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಷರತ್ತು ಒಂದೇ: ಎರಡನೆಯದು ಬೆಳಗ್ಗೆ ಬೆಳಗ್ಗೆ ರಕ್ತದೊತ್ತಡ ಏರಿಸುವಂಥದ್ದಾಗಿರಬೇಕು. ತಪ್ಪಾದಾಗ ತಿದ್ದುಪಡಿ ಅಚ್ಚು ಹಾಕುವ ಪತ್ರಿಕೆಗೆ ಎರಡು ಅಂಕ ಹೆಚ್ಚು ಕೊಡಬಹುದು. ಹಾಕದಿದ್ದರೆ ಮೊದಲು ಸಂಪಾದಕರಿಗೆ ಬರೆದು, ಆಮೇಲೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಲು ಯಾವ ಓದುಗನಿಗೂ ಹಕ್ಕಿದೆ. ಮಂಡಳಿ ದಂಡ ಹಾಕುವಂತಿಲ್ಲ, ಛೀಮಾರಿ ಹಾಕಬಹುದು. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕುಟುಂಬದ ಗುಂಪಿನಲ್ಲಿ ಬೆಳಗಿನ ಜಾವವೇ ಸುದ್ದಿ ಹಾಕುವ ಚಿಕ್ಕಪ್ಪಂದಿರೂ ಬರುವುದಿಲ್ಲ.