ಪಿಎಚ್ ಮಾವ

ದೋಹಾದಲ್ಲಿ ಈಜುಕೊಳವಿರುವ ವಿಲ್ಲಾ ಹಿಡಿದ ಕನ್ನಡಿಗರು ಕೆಲವರೇ. ಆ ಕೊಳದ ನೀರಿನ ಬಗ್ಗೆ ತೀರ್ಪು ಕೊಡಬಲ್ಲ ಫ್ಲ್ಯಾಟ್‌ವಾಸಿಗಳು ಮಾತ್ರ ಬೇಕಾದಷ್ಟು. ಐನ್ ಖಾಲಿದ್, ಅಬು ಹಮೂರ್, ಅಲ್ ವಾಬ್, ಎಲ್ಲಿ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರನ್ನು ಮಕ್ಕಳು ‘ಪಿಎಚ್ ಮಾವ’ ಎನ್ನುತ್ತಾರೆ.

ಶುಕ್ರವಾರ ಊಟಕ್ಕೆ ಕರೆದರೆ ಮಾವ ಚಪ್ಪಲಿ ಬಿಡದೆ ನೇರ ಹಿತ್ತಲಿಗೆ ನಡೆಯುತ್ತಾರೆ. ಜೇಬಿನಿಂದ ಪರೀಕ್ಷೆಯ ಡಬ್ಬಿ ಹೊರಬರುತ್ತದೆ. ಮೊಣಕೈವರೆಗೆ ಕೈ ಮುಳುಗಿಸಿ ನೀರು ತುಂಬುತ್ತಾರೆ; ಮೇಲಿನ ನೀರು ಸುಳ್ಳು ಹೇಳುತ್ತದಂತೆ. ಐದು ಹನಿ ಕೆಂಪು ದ್ರಾವಣ ಬಿಟ್ಟು, ಕುಲುಕಿ, ಹೆಣ್ಣು ನೋಡಲು ಬಂದ ಹುಡುಗನ ಅಪ್ಪನ ಗಾಂಭೀರ್ಯದಲ್ಲಿ ಬೆಳಕಿಗೆ ಹಿಡಿಯುತ್ತಾರೆ. “8! 7.2ರಿಂದ 7.6ರೊಳಗೆ ಇರ್ಬೇಕು ಮಾರಾಯ್ರೆ. ಪಿಎಚ್ ಏರಿದ್ರೆ ಕ್ಲೋರಿನ್ ಕೂತಲ್ಲೇ ಸಂಬಳ ತಗೊಳ್ತದೆ.” ಒಳಗೆ ಸಾರು ಆರುತ್ತದೆ, ನನ್ನಾಕೆಯ ಮುಖ ಕಾಯುತ್ತದೆ.

ಕ್ಲೋರಿನ್ ವಾಸನೆ ಜಾಸ್ತಿ ಎಂದು ಯಾರಾದರೂ ಮೂಗು ಮುಚ್ಚಿದರೆ ಮುಗಿಯಿತು. ವಾಸನೆ ಬರುವುದು ಕ್ಲೋರಿನ್ ಸಾಲದೆ, ಅದು ಬೆವರು, ಮೂತ್ರದ ಜತೆ ಸೇರಿ ಕ್ಲೋರಮೀನ್ ಆದಾಗ ಎಂದು ವಿವರಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ದಿಟ್ಟಿಸುತ್ತಾರೆ. ಕೊನೆಗೆ ನನ್ನನ್ನು.

ಒಂದು ಜುಲೈಯಲ್ಲಿ ನಮ್ಮ ಪೂಲಿನ ನೀರು ದಿನಕ್ಕೊಂದು ಬೆರಳು ಇಳಿಯತೊಡಗಿತು. ಮಾಲೀಕರ ಕಡೆಯವನು ಬಂದು, ಸೋರುತ್ತಿದೆ, ಟೈಲ್ಸ್ ಒಡೆಯಬೇಕು ಎಂದ. ಮಾವ ಬಕೆಟ್ಟಿಗೆ ಪೂಲಿನದೇ ನೀರು ತುಂಬಿ ಮೆಟ್ಟಿಲ ಮೇಲಿಟ್ಟರು. ಬಕೆಟ್ಟಿನ ಒಳಗೊಂದು ಗೆರೆ, ಹೊರಗೆ ಪೂಲಿನ ಮಟ್ಟಕ್ಕೊಂದು ಗೆರೆ. ಇಪ್ಪತ್ತನಾಲ್ಕು ಗಂಟೆ ಯಾರೂ ನೀರಿಗಿಳಿಯಕೂಡದು! ರಜೆಯ ದಿನ ಮಕ್ಕಳು ದಡದಲ್ಲಿ ಕೂತು ಬಕೆಟ್ಟಿಗೆ ಶಾಪ ಹಾಕಿದರು. ಮರುದಿನ ನೋಡಿದರೆ ಒಳಗೂ ಹೊರಗೂ ನೀರು ಒಂದೇ ಸಮ ಇಳಿದಿತ್ತು. ಮಾವ ಟೇಪು ಮಡಚಿ ತೀರ್ಪಿತ್ತರು: “ಸೋರಿಕೆ ಅಲ್ಲ, ಸೆಖೆ.” ಟೈಲ್ಸ್ ಉಳಿಯಿತು. ಮಾವ ಇಂದಿಗೂ ಆ ಕಥೆ ಹೇಳುತ್ತಾರೆ, ನಮಗೇ.

ಶಮಾಲ್ ಗಾಳಿ ದೂಳೆಬ್ಬಿಸಿದರೆ ಫೋನು: “ಫಿಲ್ಟರಿನ ಮುಳ್ಳು ಎಷ್ಟರಲ್ಲಿದೆ? ತೊಳೆದಾಗ ಇದ್ದದ್ದಕ್ಕಿಂತ ಎಂಟು-ಹತ್ತು ಪಿಎಸ್‌ಐ ಏರಿದ್ರೆ ಬ್ಯಾಕ್‌ವಾಶ್ ಮಾಡಿ.” ಹಸಿರಾದ ನೀರನ್ನು ಪೂರಾ ಹೊರಚೆಲ್ಲುವ ಮಾತೆತ್ತಿದರೆ ಮಾತ್ರ ನಿಜವಾದ ಸಿಟ್ಟು. ಕತಾರಿನಲ್ಲಿ ನದಿಯಿಲ್ಲ, ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು. ಕುಂದಾಪುರದ ಕಡೆಯ ಮನೆಬಾವಿಯ ನೀರು ಕುಡಿದು ಬೆಳೆದ ಮನುಷ್ಯ, ಬೇರೆಯವರ ನೀರಿಗೆ ಇಷ್ಟು ಸಂಕಟಪಡುತ್ತಾರೆ.

ಬೇಸಿಗೆ ರಜೆಗೆ ನಾವೆಲ್ಲ ಊರಿಗೆ ಹೊರಟರೆ ಬೀಗದ ಕೈಗಳು ಮಾವನ ಬಳಿ. ಕೆಲವರು ಕೆಲಸ ಬಿಟ್ಟು ಶಾಶ್ವತವಾಗಿ ಹೊರಡುತ್ತಾರೆ. ಆ ಖಾಲಿ ಮನೆಗೂ ಮಾವ ಹೋಗಿ, ಸ್ಕಿಮ್ಮರಿನ ಬುಟ್ಟಿಯ ಎಲೆ ತೆಗೆದು, ಗೋಡೆ ಉಜ್ಜಿ ಬರುತ್ತಾರೆ. ಯಾರಿಗಾಗಿ ಎಂದರೆ, “ಮುಂದೆ ಯಾರೋ ಬರ್ತಾರಲ್ಲ, ನೀರು ಏನು ತಪ್ಪು ಮಾಡಿದೆ?” ಬಾಡಿಗೆ ಮನೆಯ ಮೊಳೆಯನ್ನೂ ಕಿತ್ತುಕೊಂಡು ಹೋಗುವ ನಮ್ಮಂಥವರು ಇದಕ್ಕೆ ಉತ್ತರ ಹೇಳುವುದಿಲ್ಲ.

ನಿಮ್ಮಲ್ಲೂ ಪೂಲ್ ಇದ್ದರೆ ಮಾವನ ಎರಡು ಮಾತು ನೆನಪಿಡಿ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಶಾಕ್ ಡೋಸನ್ನು ಸೂರ್ಯ ಮುಳುಗಿದ ಮೇಲೆ ಹಾಕಿ. ಆಸಿಡ್ಡನ್ನೂ ಕ್ಲೋರಿನ್ನನ್ನೂ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಮೂರನೆಯದು ನನ್ನಾಕೆಯದು: ಇಂಥ ಮಾವನನ್ನು ಊಟಕ್ಕೆ ಕರೆಯುವುದಾದರೆ ಒಂದು ಗಂಟೆ ಮುಂಚಿತವಾಗಿ ಕರೆಯಿರಿ.