ಕಯಾಕಪ್ಪನ ಭೂಯಾತ್ರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕಡಲು ನೂರಾರು ಕಿಲೋಮೀಟರ್ ಆಚೆ. ಊರೊಳಗಿನ ವೃಷಭಾವತಿ ಹೊಳೆಯ ಹತ್ತಿರ ಮೂಗು ಮುಚ್ಚದೆ ಸುಳಿಯುವಂತಿಲ್ಲ. ಬೆಳ್ಳಂದೂರು ಕೆರೆಯಂತೂ ನೊರೆಯುಗುಳಿ, 2017ರಲ್ಲಿ ಬೆಂಕಿಯನ್ನೂ ಹೊತ್ತಿಸಿಕೊಂಡು ಹೆಸರು ಮಾಡಿತು. ಇಂಥ ಊರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಅಂದಮೇಲೆ ಅಲ್ಲೊಬ್ಬ ಕಯಾಕಪ್ಪ ಇರಲೇಬೇಕು. ವಾರಕ್ಕೆ ಐದು ದಿನ ಸಾಫ್ಟ್‌ವೇರ್, ಎರಡು ದಿನ ನೀರು ಎನ್ನುತ್ತಾನೆ. ಆ ಎರಡು ದಿನದಲ್ಲಿ ನೀರಿಗೆ ಸಿಗುವುದು ಮೂರು ಗಂಟೆಯಾದರೆ ಪುಣ್ಯ. ಮಿಕ್ಕಿದ್ದೆಲ್ಲ ಹೊರುವುದು, ಕಟ್ಟುವುದು, ಬಿಚ್ಚುವುದು, ತೊಳೆಯುವುದು, ಒಣಗಿಸುವುದು.

ಆತನ ಮೊದಲ ಕಯಾಕಿನ ಉದ್ದ 17 ಅಡಿ. ಕೊಳ್ಳುವಾಗ ಅಲೆ, ಗಾಳಿ, ವೇಗ ಎಲ್ಲವನ್ನೂ ವಿಚಾರಿಸಿದ್ದ, ಲಿಫ್ಟಿನ ಅಳತೆ ಒಂದು ಬಿಟ್ಟು. ಈಗ ಅದು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಮಲಗಿದೆ. ಮಳೆಗಾಲದಲ್ಲಿ ಅದರ ಮೇಲೆ ಪಕ್ಕದ ಮನೆಯವರ ಟವೆಲ್ ಒಣಗುತ್ತದೆ. ಅಸೋಸಿಯೇಷನ್ನಿನ ನೋಟಿಸು ಬಂದ ಮೇಲೆ ಎರಡನೆಯದಾಗಿ ಗಾಳಿ ತುಂಬುವ ಕಯಾಕ್ ತಂದ. ಇದನ್ನು ಮಡಚಿ ಅಟ್ಟದ ಮೇಲಿಡಬಹುದು ಎಂದು ಹೆಂಡತಿಯನ್ನು ಒಪ್ಪಿಸಿದ್ದ. ಮಡಚಬಹುದು, ನಿಜ, ಆದರೆ ಒಮ್ಮೆ ಬಿಚ್ಚಿದ್ದನ್ನು ಮೊದಲಿನ ಚೀಲಕ್ಕೇ ಮತ್ತೆ ತುಂಬಿದವರನ್ನು ನಾನಂತೂ ನೋಡಿಲ್ಲ.

ಆತನ ಎದುರು ಕಯಾಕನ್ನು ದೋಣಿ ಅಂದೀರಿ, ಜೋಕೆ. ಹೋಳಿಗೆ ಎಲೆಗೆ ಬೀಳುತ್ತಿದ್ದರೂ ಸರಿಯೇ, ಪಾಠ ಶುರುವಾಗುತ್ತದೆ: ಕಯಾಕಿಗೆ ಮೇಲೆ ಮುಚ್ಚಳ, ಕಾಲು ಚಾಚಿ ಕೂರಬೇಕು, ಹುಟ್ಟಿಗೆ ಎರಡೂ ಕಡೆ ಅಲಗು, ಕನೂವಿನ ಮೈಯೆಲ್ಲ ತೆರೆದಿರುತ್ತದೆ, ಅಲಗು ಒಂದೇ. ಆರ್ಕ್ಟಿಕ್‌ನ ಇನ್ಯುಯಿಟ್ ಜನ ಸೀಲ್ ಚರ್ಮ ಬಿಗಿದು ಕಟ್ಟಿಕೊಂಡದ್ದು ಕಯಾಕನ್ನು. ನಮ್ಮ ಹರಿಗೋಲಿಗೋ, ಹಿಂದು ಮುಂದೇ ಇಲ್ಲ. ಆದ್ದರಿಂದ ಅದು ಆತನ ಲೆಕ್ಕಕ್ಕಿಲ್ಲ.

ಅನಂತರ ಆಸ್ಕರ್ ಸ್ಪೆಕ್ ಬರುತ್ತಾನೆ. ಕೆಲಸ ಕಳೆದುಕೊಂಡ ಈ ಜರ್ಮನ್ ಯುವಕ 1932ರಲ್ಲಿ ಮಡಚುವ ಕಯಾಕಿನಲ್ಲಿ ಡ್ಯಾನ್ಯೂಬ್ ನದಿಗಿಳಿದ. ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದಷ್ಟೇ ಉದ್ದೇಶ. ಹುಟ್ಟು ಹಾಕುತ್ತ ಹಾಕುತ್ತ ಪರ್ಶಿಯನ್ ಕೊಲ್ಲಿ, ಭಾರತದ ಪಶ್ಚಿಮ ಕರಾವಳಿ, ಸಿಂಹಳ ಎಲ್ಲ ದಾಟಿ 1939ರಲ್ಲಿ ಆಸ್ಟ್ರೇಲಿಯಾ ಕಡೆ ತಲುಪಿದ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಹಿಡಿದು ಸೆರೆಗೆ ಹಾಕಿದರು. "ಏಳು ವರ್ಷ! ನಮ್ಮ ಕರಾವಳಿಯ ಮುಂದೆಯೇ ಹೋಗಿದ್ದಾನೆ!" ಎನ್ನುವಾಗ ಕಯಾಕಪ್ಪನ ಕಣ್ಣು ಒದ್ದೆಯಾಗುತ್ತದೆ. "ರೀ, ಆಗ ಅವನಿಗೆ ಮದುವೆ ಆಗಿತ್ತಾ?" ಎಂದು ಹೆಂಡತಿ ಕೇಳಿದಳು. ಕಯಾಕಪ್ಪ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಅಳಿಯನ ಕೈಯಲ್ಲಿ ಪಂಚಾಂಗ ಕಂಡು ಅತ್ತೆಗೆ ಒಮ್ಮೆ ಬಹಳ ಸಂತೋಷವಾಯಿತಂತೆ. ಅಮಾವಾಸ್ಯೆ, ಹುಣ್ಣಿಮೆ ಎಲ್ಲ ಗುರುತು ಹಾಕಿಕೊಳ್ಳುತ್ತಾರೆ, ಸದ್ಯ, ದೇವರು ಬುದ್ಧಿ ಕೊಟ್ಟ ಅಂದುಕೊಂಡರು. ಆತ ನೋಡುತ್ತಿದ್ದದ್ದು ಉಬ್ಬರವಿಳಿತಕ್ಕೆ. ಆ ಎರಡು ತಿಥಿಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಸೌಮ್ಯ. ಬೆಂಗಳೂರಿನಲ್ಲಿ ಕೂತು ಇಷ್ಟನ್ನೆಲ್ಲ ಬಾಯಿಪಾಠ ಮಾಡಿದವನು ಸಾಲಿಗ್ರಾಮದ ಹತ್ತಿರ ಸೀತಾನದಿಗಿಳಿದಾಗ ದಡದಲ್ಲಿ ಬಲೆ ಕೊಡವುತ್ತಿದ್ದ ಮುದುಕರು, "ಹೋಯ್, ನೀರ್ ಇಳೀತಾ ಇತ್ತ್ ಮಾರ್ರೆ, ಈಗ ಒಳ್ಗ್ ಹೋರೆ ಬಪ್ಪುಕ್ ಆತಿಲ್ಲ" ಅಂದರು. ಕಯಾಕಪ್ಪ ಗಡಿಯಾರ ನೋಡಿ ನಕ್ಕು, ಕಾಂಡ್ಲಾ ಕಾಡಿನ ಸಂದಿಗೆ ನುಗ್ಗಿದ. ಮೊಬೈಲಿನಲ್ಲಿ ನೋಡಿದ್ದ ವೇಳೆ ಇನ್ನಾವುದೋ ಬಂದರಿನದಂತೆ. ಒಂದು ಗಂಟೆಯೊಳಗೆ ನೀರು ಹೋಗಿ ಕೆಸರು ಉಳಿಯಿತು. ಮುಂದಿನ ಉಬ್ಬರ ಬರುವವರೆಗೆ ಆತ ಹೆಲ್ಮೆಟ್ಟು, ಲೈಫ್ ಜಾಕೆಟ್ಟು, ಸೊಂಟಕ್ಕೆ ಸ್ಪ್ರೇ ಸ್ಕರ್ಟು ಸಮೇತ ಮದುವೆಮಂಟಪದ ಗಂಡಿನಂತೆ ಅಲ್ಲಾಡದೆ ಕೂತಿದ್ದ. ಚಿಪ್ಪು ಹೆಕ್ಕಲು ಬಂದ ಹೆಂಗಸರು ಮೊಣಕಾಲು ಕೆಸರಲ್ಲಿ ನಡೆದು ಬಂದು ಊಟ ಆಯಿತಾ ಎಂದು ವಿಚಾರಿಸಿಕೊಂಡು ಹೋದರು.

ಆತ ಜೀವಮಾನವಿಡೀ ಕಾದಿದ್ದ ದಿನ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತು, ಲಕ್ಷಗಟ್ಟಲೆ ಸಂಬಳದವರೆಲ್ಲ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಮಳೆ ಅದು. ಕಡಲೇ ಮನೆ ಬಾಗಿಲಿಗೆ ಬಂದಿತ್ತು. ಕಯಾಕಪ್ಪ ಮೂರನೆಯ ಮಹಡಿಯ ಹಾಲಿನಲ್ಲಿ ನಿಂತು ಬೆವರು ಸುರಿಸುತ್ತ ಪಂಪು ಒತ್ತಿದ. ಪೂರ್ತಿ ಗಾಳಿ ತುಂಬಿದ ಕಯಾಕ್ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಗಾಳಿ ಬಿಟ್ಟು, ಕೆಳಗಿಳಿಸಿ, ಮತ್ತೆ ತುಂಬುವಷ್ಟರಲ್ಲಿ ಟ್ರ್ಯಾಕ್ಟರು ಎರಡು ಟ್ರಿಪ್ ಮುಗಿಸಿ ಅಜ್ಜಿಯರನ್ನೂ ನಾಯಿಗಳನ್ನೂ ದಾಟಿಸಿತ್ತು. ಆದರೂ ಹೊರಟ. ಗೇಟಿನಾಚೆ ರಸ್ತೆಯ ಡಿವೈಡರು ತಾಗಿ ಬುಸ್ಸೆಂದಿತು. ಟ್ರ್ಯಾಕ್ಟರಿನವನು ಎಂಜಿನ್ ನಿಲ್ಲಿಸಿ, "ಹಗ್ಗ ಬಿಸಾಕಿ ಸಾರ್, ಎಳೀತೀನಿ" ಅಂದ. ಚಾರ್ಜು ಎಲ್ಲರಿಗೂ ಒಂದೇ.

ನಗುವಷ್ಟು ನಕ್ಕ ಮೇಲೆ ಇಷ್ಟು ಹೇಳದಿದ್ದರೆ ಅನ್ಯಾಯ: ಕಯಾಕಪ್ಪ ನದಿಗೆ ಚಿಪ್ಸ್ ಪೊಟ್ಟಣ ಎಸೆಯುವುದಿಲ್ಲ, ಸ್ಪೀಕರು ಹಚ್ಚಿ ಕುಣಿಯುವುದಿಲ್ಲ, ಲೈಫ್ ಜಾಕೆಟ್ ತೊಡದ ಮಗುವನ್ನು ದಂಡೆಯಿಂದ ಕದಲಲು ಬಿಡುವುದಿಲ್ಲ. ರೆಸಾರ್ಟಿನಲ್ಲಿ ಹೊಳೆಗೆ ಬೆನ್ನು ಹಾಕಿ ಕೂರುವ ಗುಂಪಿಗಿಂತ ಆತ ಎಷ್ಟೋ ವಾಸಿ.

ಕೆನಡಾದ ಅಲ್ಗಾನ್ಕ್ವಿನ್ ಕಾಡಿನಲ್ಲಿ ಕನೂ ಯಾನ ಮಾಡುವುದು ಆತನ ಮುಂದಿನ ಕನಸು. ಅಲ್ಲಿ ಒಂದು ಸರೋವರ ಮುಗಿದರೆ ಕನೂವನ್ನು ತಲೆಯ ಮೇಲೆ ಹೊತ್ತು, ಕಾಲುದಾರಿಯಲ್ಲಿ ನಡೆದು, ಮುಂದಿನದಕ್ಕೆ ಇಳಿಸಬೇಕು. ಹೊರುವುದರಲ್ಲಿ ನಮ್ಮವನಿಗೆ ಎದುರಿಲ್ಲ, ಸುಲಭವಾಗಿ ಪಾಸಾಗುತ್ತಾನೆ. ನೀವು ಮಾತ್ರ ಹುಷಾರಾಗಿರಿ. "ಶನಿವಾರ ಫ್ರೀ ಇದೀರಾ? ಸುಮ್ನೆ ಒಂದು ರೌಂಡ್ ಹೋಗಿ ಬರೋಣ" ಎಂದು ಆತ ಫೋನ್ ಮಾಡಿದರೆ, ಮನೆಗೆ ನೆಂಟರು ಬರುತ್ತಾರೆ ಅಂದುಬಿಡಿ. ಆತನಿಗೆ ಬೇಕಾಗಿರುವುದು 17 ಅಡಿಯ ಇನ್ನೊಂದು ತುದಿ ಹಿಡಿಯುವ ಆಳು.