ಹಳೇ ಕಂಪ್ರೆಸರ್‌ಗೆ ಹೊಸ ಮೋಟರು

ಸೆಕೆಂಡ್ ಹ್ಯಾಂಡ್ ಏರ್ ಕಂಪ್ರೆಸರ್ ಗೋರಂಟ್ಲದ ಪಂಕ್ಚರ್ ಅಂಗಡಿಗೆ ಬಂದಿಳಿಯುವಾಗ ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗಿರುತ್ತದೆ. ವಯಸ್ಸು ಬಯಲಾಗುವುದು ಟ್ಯಾಂಕಿನ ಅಡಿಯ ಡ್ರೇನ್ ತಿರುಗಿಸಿ, ಕೆಂಪು ತುಕ್ಕುನೀರು ಸುರಿದಾಗ. ಬೆಲ್ಟು, ಆಯಿಲ್, ವಾಲ್ವ್ ಬದಲಾಯಿಸಬಹುದು. ತುಕ್ಕು ತಿಂದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಮಾತ್ರ ಬೇಡ. ಸಿಡಿದರೆ ಅಂಗಡಿಯ ಬೋರ್ಡನ್ನು ದೂರದ ಕಲ್ಯಾಣದುರ್ಗದಲ್ಲಿ ಹುಡುಕಬೇಕಾದೀತು.

ಮೋಟರು ಬದಲಿಸುವ ಮಾತು ಬಂದರೆ ಟೀ ಕುಡಿಯಲು ನಿಂತವರೆಲ್ಲ ಇಂಜಿನಿಯರುಗಳೇ. ನೋಡಬೇಕಾದದ್ದು ಹಳೆಯದರ ನೇಮ್‌ಪ್ಲೇಟು: ಎಚ್‌ಪಿ, ಫೇಸು, ಆರ್‌ಪಿಎಂ, ಜೊತೆಗೆ ಶಾಫ್ಟಿನ ದಪ್ಪ. 1440ರ ಜಾಗದಲ್ಲಿ 2880ರ ಮೋಟರು ಕೂರಿಸಿ ಪುಲ್ಲಿ ಹಳೆಯದನ್ನೇ ಬಿಟ್ಟರೆ ಪಂಪು ದುಪ್ಪಟ್ಟು ವೇಗದಲ್ಲಿ ಓಡಿ, ಕಾದು, ಜಾಮ್ ಆಗುತ್ತದೆ. ಸಿಂಗಲ್ ಫೇಸಾದರೆ ಕೆಪಾಸಿಟರ್ ಸ್ಟಾರ್ಟ್ ಮೋಟರೇ ಆಗಬೇಕು. ಏಳುವಾಗಿನ ಕಸುವು ಸಾಲದ ಮೋಟರು ಸ್ವಿಚ್ ಹಾಕಿದಾಗ ‘ಹೂಂ’ ಅನ್ನುತ್ತದೆ, ಏಳುವುದಿಲ್ಲ.